ಸ್ತಮಾತಿಯಾಳ ಅಂಗೈ

ನಮ್ಮ ವೋಲೋಸ್ ಊರಿನಲ್ಲಿ ಸ್ತಮಾತಿಯಾಳ ಅಂಗೈ ಕಾಣದವರಿಲ್ಲ. ಐದೂ ಬೆರಳು ಅಗಲಿಸಿ, ಅಂಗೈಯನ್ನು ಎದುರಿನವರ ಮುಖಕ್ಕೆ ಹಿಡಿದು "ತಗೋ" ಅಂದರೆ ನಮ್ಮಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಬಸ್ಸಿನ ಡ್ರೈವರು, ಮೀನಿನವನು, ಪಾದ್ರಿ, ಯಾರನ್ನೂ ಅವಳು ಬಿಟ್ಟವಳಲ್ಲ. ಪಕ್ಕದ ಮನೆಯವಳಾದ ನನಗಂತೂ ವಾರಕ್ಕೆರಡು ಸಲ ಬೀಳುತ್ತಿತ್ತು. ತನ್ನ ಮಗಳು ಗರೂಫಾಳ ಮದುವೆಯ ದಿನ ಚರ್ಚಿನ ಬಾಗಿಲಲ್ಲೇ ಬೀಗಿತ್ತಿಗೆ ಎರಡೂ ಕೈ ತೋರಿಸಿದಳು. ಅಂದಿನಿಂದ ಹನ್ನೊಂದು ವರ್ಷ ಮಗಳು ಅವಳ ಹೊಸ್ತಿಲು ತುಳಿದಿಲ್ಲ. ಮೊಮ್ಮಗಳು ಎವಾಂಥಿಯನ್ನು ಅವಳು ಒಮ್ಮೆಯೂ ಎತ್ತಿಕೊಂಡಿಲ್ಲ. ಮಾಡಿದ್ದುಣ್ಣಲಿ ಎಂದು ನಾನೂ ಸುಮ್ಮನಿದ್ದೆ.

ಈ ವರ್ಷ ಶಾಲಾ ಮಕ್ಕಳ ಕ್ರೀಡಾಕೂಟದಲ್ಲಿ ಮಕ್ಕಳನ್ನು ಹುರಿದುಂಬಿಸಲೆಂದು ಕಿರೋನನ ವೇಷ ತರಿಸಿದರು. ಪುರಾಣದಲ್ಲಿ ಬರುವ ನಮ್ಮ ಪೆಲಿಯೋ ಬೆಟ್ಟದ ಕಿರೋನ, ಅರ್ಧ ಮನುಷ್ಯ, ಅರ್ಧ ಕುದುರೆ. ಒಳಗೆ ಇಬ್ಬರು ಬೇಕು. ಎವಾಂಥಿ ಓಡುತ್ತಾಳೆಂದು ತಿಳಿದದ್ದೇ ಸ್ತಮಾತಿಯಾ ಮುಂಭಾಗಕ್ಕೆ ಹೆಸರು ಕೊಟ್ಟು ನನ್ನನ್ನೂ ಎಳೆದಳು.

"ಮುಖ ಕಾಣಲ್ವಲ್ಲ, ಮಗೂನ ಹತ್ರದಿಂದ ನೋಡ್ಬಹುದು ಕಣೇ. ಒಂದ್ಸಲ ತಲೆ ಸವರಿದ್ರೆ ಸಾಕು ನಂಗೆ."

"ನಾನ್ಯಾಕೆ ಹಿಂದ್ಗಡೆ?"

"ನಿನ್ನ ಸೊಂಟ ನೋಡ್ಕೊ. ಹೇಳಿ ಮಾಡಿಸ್ದಂಗಿದೆ."

ವೇಷ ಹೊಲಿದದ್ದು ಯಾವುದೋ ಹೊರದೇಶದಲ್ಲಿ. ಬಲಗೈ ಬೆರಳುಗಳೊಳಗೆ ತಂತಿ ತುರುಕಿದ್ದರು. ಐದೂ ಅಗಲವಾಗಿ ಸೆಟೆದು ನಿಂತಿದ್ದವು, ಮಡಚಲು ಬಾರದು. ಕ್ರೀಡಾಕೂಟದ ಅಧಿಕಾರಿಗೆ ತೋರಿಸಿದೆ. ಅವನೂ ನಮ್ಮೂರಿನವನೇ, ಅಯೋಗ್ಯ. "ಬೊಂಬೆ ಕೈನ ಯಾರ್ ನೋಡ್ತಾರೆ ಹೋಗಮ್ಮ" ಎಂದು ಕಾಫಿ ಹೀರಿದ.

ಬೆಳಿಗ್ಗೆಯೆಲ್ಲ ಸ್ತಮಾತಿಯಾ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ನಡೆದಳು. ಜನ್ಮದಲ್ಲಿ ಮೊದಲ ಸಲ. ಅದು ಬಟ್ಟೆಯಾಚೆಯಿಂದ ನನ್ನ ತಲೆಗೆ ಕುಟ್ಟುತ್ತಿತ್ತು, ನಾನು ಹಲ್ಲು ಕಚ್ಚಿಕೊಂಡಿದ್ದೆ.

ಎವಾಂಥಿ ಗೆದ್ದಳು. ಗೆದ್ದ ಖುಷಿಯಲ್ಲಿ ನೇರ ಕಿರೋನನ ಕಡೆಗೇ ಓಡಿಬಂದಳು. ಸ್ತಮಾತಿಯಾ ಮೈಮರೆತಳು. ಕುಟ್ಟುತ್ತಿದ್ದ ಕೈ ನನ್ನ ತಲೆ ಬಿಟ್ಟು ಮೇಲೆದ್ದಿತು. ಪಕ್ಕದ ಹೊಲಿಗೆಯ ಸೀಳಿನಿಂದ ನೋಡಿದೆ. ಐದು ಬೆರಳು, ಮಗುವಿನ ಮುಖಕ್ಕೆ ನೇರವಾಗಿ. ಮಗು ಗಕ್ಕನೆ ನಿಂತಿತು. ಜನ ಮೊದಲು ನಕ್ಕರು, ಆಮೇಲೆ ಸಿಳ್ಳೆ ಹಾಕಿ ಬೈದರು.

ಗರೂಫಾ ಹಗ್ಗ ದಾಟಿ ಬಂದು ಮಗುವನ್ನು ಹಿಂದಕ್ಕೆಳೆದಳು.

"ಅಮ್ಮಾ, ಒಳಗಿರೋದು ನೀನೇ ತಾನೆ?"

ಸ್ತಮಾತಿಯಾ ಆ ಕೈಯನ್ನು ಮತ್ತೆ ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ನನ್ನ ಮಗೂಗೂನಾ?"

"ಇಲ್ಲ ಕಣೇ, ತಲೆ ಸವರೋಣಾಂತ... ಒಳಗೆ ತಂತಿ ಇದೆ, ಈ ಕೈ ಮಡಚೋಕೆ ಬರಲ್ಲ."

"ಯಾವತ್ತು ಬಂದಿತ್ತು ನಿಂಗೆ?"

ಸ್ತಮಾತಿಯಾ ನನ್ನ ಕಡೆ ತಿರುಗಲು ಒದ್ದಾಡಿದಳು. "ನೀನಾದ್ರೂ ಹೇಳೇ ಅವಳಿಗೆ" ಎಂದಳು. ಅಷ್ಟು ಮೆತ್ತಗಿನ ದನಿ ಅವಳಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಹೇಳಬಹುದಿತ್ತು. ನಾನು ಕುದುರೆಯ ಹೊಟ್ಟೆಯೊಳಗೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಗರೂಫಾ ಮಗುವಿನೊಂದಿಗೆ ಗೇಟು ದಾಟುವವರೆಗೂ.