ಬೀಡಿ ಸೇದದವರ ರಕ್ತ

ಮೊನ್ನೆ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬೀಡಿ ಹಚ್ಚಿದರು. ಸುತ್ತ ಇದ್ದವರು ಮೂಗು ಮುಚ್ಚಿಕೊಂಡು ಸರಿದರು. ನಾನು ಮಾತ್ರ ಅಲ್ಲೇ ನಿಂತೆ. ಮಾವನ ಅಂಗಿ ನೆನೆಹಾಕುವಾಗ ಬರುತ್ತಿದ್ದ ವಾಸನೆ ಅದು…

ಮಾವನಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದಾಗ ಅತ್ತೆ ಅವರನ್ನು ಕಬ್ಬಾಳಿನ ದೇವಸ್ಥಾನಕ್ಕೆ ಕರೆದೊಯ್ದು, ಇನ್ನು ಬೀಡಿ ಮುಟ್ಟುವುದಿಲ್ಲವೆಂದು ಅಮ್ಮನ ಮುಂದೆ ಆಣೆ ಮಾಡಿಸಿದ್ದರು. ಮಾವ ಆಣೆಯನ್ನೂ ಮಾಡಿದರು, ಪಂಪ್‌ಹೌಸಿನ ಹಿಂದೆ ಬೀಡಿಯನ್ನೂ ಸೇದಿದರು. ಬಟ್ಟೆ ಒಗೆಯುವವಳಿಗೆ ಯಾವ ಗುಟ್ಟು? ಆದರೆ ಸೊಸೆಯಾದವಳು ಮಾವನ ಹತ್ತಿರ ಬೀಡಿಯ ಮಾತೆತ್ತುವುದು ನಮ್ಮ ಕಡೆ ಇಲ್ಲ.

ರಾಮನಗರದ ಆಸ್ಪತ್ರೆಗೆ ಅವರ ಜೊತೆ ಹೋಗುತ್ತಿದ್ದವಳು ನಾನೇ. ಡಯಾಲಿಸಿಸ್ ಮುಗಿದು ಪೈಪಿನಲ್ಲಿ ಉಳಿದ ರಕ್ತವನ್ನು ವಾಪಸ್ ಮೈಗೆ ಬಿಡುವಾಗ ಮಾವ ಕಣ್ಣು ಕೀಳದೆ ನೋಡುತ್ತಿದ್ದರು. ಎಲ್ಲೋ ಸ್ವಲ್ಪ ಕೆಂಪು ಕಂಡರೂ ಸಿಸ್ಟರನ್ನು ಬಿಡುತ್ತಿರಲಿಲ್ಲ. “ಒಸಿ ಐತೆ ಕಣವ್ವ, ಅದ್ನೂ ಒಳೀಕ್ ಬುಟ್ಬುಡು.”

ಅಂಥವರ ಹತ್ತಿರ ಒಂದು ದಿನ ವಿದ್ಯಾರ್ಥಿನಿಯೊಬ್ಬಳು ರಕ್ತ ಕೇಳಿಕೊಂಡು ಬಂದಳು. ಆಕ್ಸಿಡೇಟಿವ್ ಸ್ಟ್ರೆಸ್ ಎಂಬುದರ ಮೇಲೆ ಅವಳ ಅಧ್ಯಯನ.

“ಡಯಾಲಿಸಿಸ್‌ನವರ ರಕ್ತಕ್ಕೆ ತುಕ್ಕು ಹಿಡಿದ ಹಾಗೆ ಆಗುತ್ತೆ ತಾತ. ಅದರ ಗುರುತು ಎಷ್ಟಿದೆ ಅಂತ ನೋಡ್ತೀನಿ. ಬೀಡಿಯಿಂದಲೂ ಅದು ಜಾಸ್ತಿಯಾಗುತ್ತೆ, ಅದಕ್ಕೇ ಸೇದದವರದ್ದೇ ಬೇಕು. ನೀವು ಸೇದ್ತೀರಾ?”

ಮಾವ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ಇಲ್ಲ ಕಣವ್ವ,” ಅಂದರು. ಕೈ ಚಾಚಿ ರಕ್ತ ಕೊಟ್ಟರು. ತಮ್ಮ ರಕ್ತವೂ ನಾಲ್ಕು ಜನಕ್ಕೆ ಉಪಯೋಗಕ್ಕೆ ಬರುತ್ತದೆಂದು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಮುಂದಿನ ಸಲ ಹೋದಾಗ ಯಾಕೋ ಮಂಕಾಗಿದ್ದರು. ಕಾಫಿ ಕುಡಿದು ಬಾ ಎಂದು ನನ್ನನ್ನು ಕಳಿಸಿದರು. ನಾನು ಬೇಗ ಬಂದುಬಿಟ್ಟೆ. ಪರದೆಯ ಆ ಕಡೆ ಮಾವನ ದನಿ.

“ಸುಳ್ಳ್ ಯೋಳ್ಬುಟ್ಟೆ ಕಣವ್ವ. ಸೇದ್ತೀನಿ. ಅವತ್ತು ಸೊಸೆ ನಿಂತಿದ್ಲು…”

“ಪರವಾಗಿಲ್ಲ ತಾತ. ನಿಮ್ಮ ಸ್ಯಾಂಪಲ್ ಲೆಕ್ಕದಿಂದ ತೆಗೆದುಬಿಡ್ತೀನಿ.”

“ಚೆಲ್ಬುಡ್ತೀಯಾ?”

ಹುಡುಗಿ ಪರದೆ ಸರಿಸಿ ಹೊರಬಂದಳು. ಎದುರಿಗೇ ನಾನು. ಮಾವ ನನ್ನನ್ನು ನೋಡಿದವರೇ ಟವೆಲನ್ನು ಮುಖದ ಮೇಲೆ ಎಳೆದುಕೊಂಡರು. ನನಗೆ ಮೊದಲಿಂದಲೂ ಗೊತ್ತಿತ್ತು ಮಾವ, ಬಿಡಿ ಅತ್ಲಾಗೆ ಅನ್ನಬಹುದಿತ್ತು. ಆ ದಿನದ ನಾಚಿಕೆ ಅವರದೆಷ್ಟೋ ನನ್ನದೆಷ್ಟೋ…

“ಇನ್ಮ್ಯಾಕೆ ನೀ ಬ್ಯಾಡ ಕಣವ್ವ, ನಾನೇ ಓಗ್ಬತ್ತೀನಿ,” ಅಂದರು ಊರಿಗೆ ಬಂದ ಮೇಲೆ. ಕೊನೆಯವರೆಗೂ ಒಬ್ಬರೇ ಹೋದರು. ಡಯಾಲಿಸಿಸ್ ಮುಗಿದ ಸುಸ್ತಿನಲ್ಲಿ ಬಸ್ಸಿನ ಕಂಬಿ ಹಿಡಿದುಕೊಂಡು ಒಬ್ಬರೇ ಬಂದರು.

ಈಗ ಮಾವ ಇಲ್ಲ. ಮನೆಗೆ ನೆಂಟರು ಬಂದಾಗ ಅತ್ತೆ ಇವತ್ತಿಗೂ, “ಕಾಯ್ಲೆ ಮನ್ಸನ್ನ ಒಬ್ರುನ್ನೇ ಕಳಿಸ್ಬುಟ್ಲು ಇವ್ಳು,” ಅನ್ನುತ್ತಾರೆ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಕಾರಣ ಹೇಳಿದರೆ ಮಾವನ ಮಾನ ಹೋಗುತ್ತದೆ.

“ಹೂಂ ಅತ್ತೆ, ನಾನು ಓಗ್ಬೇಕಿತ್ತು,” ಅನ್ನುತ್ತೇನೆ.