ರಷ್ಯನ್ ಅಂಕಲ್ ಎಂದು ಹೆಸರಿಟ್ಟವನು ನಾನು

ಟೆಕ್ಸಾಸ್‌ನ ಪ್ಲೇನೋ ಊರಿನ ನಮ್ಮ ಬೀದಿಯಲ್ಲಿ ಏಸಿ ರಿಪೇರಿ ಮಾಡುವ ಮಿರೋಸ್ಲಾವ್ ಅವರನ್ನು ನಮ್ಮ ಕನ್ನಡದ ಮನೆಗಳವರೆಲ್ಲ ಮೂರು ವರ್ಷದಿಂದ ‘ರಷ್ಯನ್ ಅಂಕಲ್’ ಎನ್ನುತ್ತಿದ್ದೆವು. ಅವರ ಇಂಗ್ಲಿಷ್ ಕೇಳಿ ಆ ಹೆಸರಿಟ್ಟವನು ನಾನು. ಯಾವ ಊರಿನವರೆಂದು ಒಮ್ಮೆಯೂ ಕೇಳಿರಲಿಲ್ಲ.

ಕಳೆದ ರಾಜ್ಯೋತ್ಸವದಲ್ಲಿ ಹಿಂದಿ ಹೇರಿಕೆಯ ವಿರುದ್ಧ ಗುಡುಗಿ ವೇದಿಕೆ ಇಳಿದೆ. ಸಭಾಂಗಣದ ಏಸಿ ಸರಿಮಾಡಲು ಬಂದಿದ್ದ ಅವರು ಕೈಕುಲುಕಿ, “ನಿಮ್ಮ ಹಿಂದಿ ಭಾಷಣ ಬಹಳ ಚೆನ್ನಾಗಿತ್ತು” ಎಂದರು.

ನನಗೆ ಉರಿದುಹೋಯಿತು. “ಹಿಂದಿ ಅಲ್ಲ ಸ್ವಾಮಿ, ಕನ್ನಡ! ಮೂರು ವರ್ಷದಿಂದ ಪಕ್ಕದಲ್ಲೇ ಇದ್ದೀರಿ, ಇಷ್ಟೂ ಗೊತ್ತಿಲ್ವಾ?”

“ಗೊತ್ತು. ನೀವು ನನ್ನನ್ನ ರಷ್ಯನ್ ಅಂದಾಗ ಹೇಗಿರುತ್ತೆ ಅಂತ ತೋರಿಸಿದೆ, ಅಷ್ಟೇ” ಎಂದು ನಕ್ಕರು.

ಆಮೇಲೆ, ಊಟದ ಸಾಲಿನಲ್ಲಿ ನಿಂತು, ತಮ್ಮ ಕಥೆ ಹೇಳಿದರು. ಉಕ್ರೇನಿನ ಒಂದು ಸಣ್ಣ ಊರಿನ ನಗರಸಭೆಗೆ ರಾಷ್ಟ್ರವಾದಿ ಪಕ್ಷದಿಂದ ಎರಡು ಸಲ ಗೆದ್ದವರು ಅವರು. ಅಂಗಡಿ ಬೋರ್ಡುಗಳಲ್ಲಿ ರಷ್ಯನ್‌ಗಿಂತ ತಮ್ಮ ಭಾಷೆಯೇ ಮೊದಲಿರಬೇಕೆಂದು ಜಗಳವಾಡಿ, ಒಪ್ಪಿದವರ ಬೋರ್ಡನ್ನು ತಾವೇ ಏಣಿ ಹತ್ತಿ ಬರೆದುಕೊಟ್ಟಿದ್ದರಂತೆ. ಮೂರನೆಯ ಸಲ ಸೋತರು. ಯುದ್ಧ ಶುರುವಾದಾಗ ಮಗಳ ಜೊತೆ ಟೆಕ್ಸಾಸ್‌ಗೆ ಬಂದರು.

ಇಷ್ಟೆಲ್ಲ ಹೋರಾಡಿದವರಿಗೆ ನಾನು ಕೊಟ್ಟದ್ದು ಆ ಹೆಸರು! ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೋಳಿಗೆ ಬಡಿಸುತ್ತಿದ್ದ ವಿದ್ಯಾರ್ಥಿನಿ ಅಪೇಕ್ಷಾ ಅಕ್ಕರೆಯಿಂದ ಕೂಗಿದಳು: “ರಷ್ಯನ್ ಅಂಕಲ್, ಕಮ್ ಕಮ್! ಹೋಳಿಗೆ ಬಿಸಿ ಇದೆ!”

ಮಿರೋಸ್ಲಾವ್ ಥಟ್ಟನೆ ತಿರುಗಿ ಓಗೊಟ್ಟರು. ಅವರಿಗೆ ಅದು ರೂಢಿಯಾಗಿಬಿಟ್ಟಿತ್ತು.