ಎದುರುಮನೆ ಅಜ್ಜಿ ಕಟ್ಟಿಸಿದ ಗಂಟು

ಎದುರುಮನೆ ಅಜ್ಜಿಯ ಎರಡೂ ಹೆಬ್ಬೆರಳ ಉಗುರುಗಳು ವರ್ಷವಿಡೀ ಕಪ್ಪಗಿರುತ್ತಿದ್ದವು. ಚಳಿಗಾಲದಲ್ಲಿ ಅವರೆಕಾಯಿ ಸುಲಿದ ಕಪ್ಪು, ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸಿದ ಕಪ್ಪು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದು. ಅವಳು ಹುಟ್ಟುವಾಗಲೇ ಹಾಗೆ ಹುಟ್ಟಿದಳೆಂದು ನಾನು ಬಹಳ ದಿನ ನಂಬಿದ್ದೆ.

ಕೊಪ್ಪದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಬೀದಿ. ನಮ್ಮ ಕಡೆ ಹೊಸದಾಗಿ ಕಬ್ಬು ಹಾಕಲು ತೊಡಗಿದ್ದ ಕಾಲ ಅದು. ಅಜ್ಜಿಗೆ ಮಕ್ಕಳಿರಲಿಲ್ಲ, ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಮದುವೆ ಮನೆಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಕರೆದರೂ ಅವಳು ಹೋಗುತ್ತಿರಲಿಲ್ಲ. ಚಪ್ಪರ ಬಿಚ್ಚಿದ ಮಾರನೆಯ ದಿನ ಹೋಗುವಳು. ಮಗಳನ್ನು ಗಂಡನ ಮನೆಗೆ ಕಳಿಸಿ ಮಂಕಾಗಿ ಕುಳಿತ ತಾಯಿ ಇರಲಿ, ಕೂಸು ಕಳೆದುಕೊಂಡ ಬಾಣಂತಿ ಇರಲಿ, ಮೊರದ ತುಂಬ ಏನಾದರೂ ಕೆಲಸ ಹೊತ್ತುಕೊಂಡು ಹೋಗಿ ಪಕ್ಕದಲ್ಲಿ ಕೂರುವಳು. ಸಮಾಧಾನದ ಒಂದು ಮಾತೂ ಆಡುತ್ತಿರಲಿಲ್ಲ. "ಅಳೋರು ಅತ್ಕಳಿ, ನಂಗೆ ಕೆಲ್ಸ ಐತೆ" ಎನ್ನುವಳು. ಸ್ವಲ್ಪ ಹೊತ್ತಿಗೆ ಅತ್ತವರ ಕೈಯೂ ಮೊರಕ್ಕೆ ಬರುತ್ತಿತ್ತು. ಆಮೇಲೆ ಮಾತೂ ಬರುತ್ತಿತ್ತು.

ನನಗೆ ಎಂಟು ವರ್ಷವಾಗಿದ್ದಾಗ ನನ್ನವ್ವ ಸತ್ತಳು. ವರ್ಷ ತುಂಬುವುದರೊಳಗೆ ಅಪ್ಪ ಮಳವಳ್ಳಿ ಕಡೆಯಿಂದ ಇನ್ನೊಬ್ಬಳನ್ನು ಮದುವೆಯಾಗಿ ಕರೆತಂದ. ಅವಳಿಗೆ ಹದಿನೇಳೋ ಹದಿನೆಂಟೋ. ಎರಡನೆಯವಳಾಗಿ ಬಂದವಳು ಸತ್ತ ಮೊದಲ ಹೆಂಡತಿಯ ಹೆಸರಿನಲ್ಲಿ ಒಂದು ಪುಟ್ಟ ಬಿಲ್ಲೆಯನ್ನು ಅರಿಸಿನದ ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಳ್ಳುವುದು ನಮ್ಮಲ್ಲಿ ರೂಢಿ. ಹಿರಿಯವಳಿಗೆ ಕೋಪ ಬಾರದಿರಲಿ ಅಂತ. ಇದನ್ನು ನನಗೆ ಯಾರೂ ಬಿಡಿಸಿ ಹೇಳಲಿಲ್ಲ. "ಅಗೋ, ನಿಮ್ಮವ್ವ ಅವ್ಳ ಕೊರಳಲ್ಲವ್ಳೆ" ಎಂದು ಬೀದಿಯ ಹೆಂಗಸರು ಹೇಳಿದ್ದಷ್ಟೇ. ನನ್ನ ಅವ್ವನನ್ನು ಈ ಗುರುತಿಲ್ಲದವಳು ಎತ್ತಿಕೊಂಡು ತಿರುಗುತ್ತಿದ್ದಾಳೆ ಎಂದು ನನಗೆ ಮೈಯೆಲ್ಲ ಉರಿಯಿತು. ಅವಳು ಬಂದ ಒಂಬತ್ತನೆಯ ದಿನ ಬಗ್ಗಿ ಹಿಟ್ಟು ಬೀಸುತ್ತಿದ್ದಾಗ ಹಿಂದಿನಿಂದ ಹೋಗಿ ದಾರಕ್ಕೆ ಕೈ ಹಾಕಿ ಎಳೆದೆ. ದಾರ ಕಿತ್ತು ಬಂತು. ಬಿಲ್ಲೆ ನನ್ನ ಮುಷ್ಟಿಯಲ್ಲಿತ್ತು.

ಮನೆಯಲ್ಲಿ ರಂಪವಾಯಿತು. ಬೀದಿಯ ಹೆಂಗಸರು ನೆರೆದು, ಹಿರಿಯವಳೇ ಮಗಳ ಮೈಮೇಲೆ ಬಂದು ಕಿತ್ತಿದ್ದಾಳೆ, ಈ ಹೊಸ ಹೆಣ್ಣು ಈ ಮನೆಯಲ್ಲಿ ಬಾಳುವುದಿಲ್ಲ ಎಂದರು. ಅಪ್ಪ ಕೋಲು ತೆಗೆದುಕೊಂಡ. ನಾನು ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ನುಸುಳಿದೆ. ಹೊಸಬಳು ಅಳುತ್ತಾ ಸೀರೆಗಳನ್ನು ಗಂಟು ಕಟ್ಟಿ, "ನಾನು ನಮ್ಮೂರ್ಗೆ ಓಯ್ತೀನಿ" ಎಂದು ಹೊಸಲಿಗೆ ಬಂದಳು.

ಅಷ್ಟರಲ್ಲಿ ಅಜ್ಜಿ ಹುಣಸೆಹಣ್ಣಿನ ಮೊರದೊಂದಿಗೆ ಬಂದಳು. ಮೊದಲು ಅಪ್ಪನನ್ನು ಹೊರಗಟ್ಟಿದಳು. "ಓಗ್ಲಾ, ಎತ್ತಿಗೆ ಉಲ್ಲಾಕೋಗು." ನೆರೆದಿದ್ದ ಹೆಂಗಸರೂ ಅವಳ ಮುಖ ನೋಡಿ ಒಬ್ಬೊಬ್ಬರೇ ಜಾರಿದರು. ಅಜ್ಜಿ ಗಂಟಿನವಳ ಕಡೆ ತಿರುಗಿ, "ಓಗೋಳು ಓಗವ್ವ, ಬ್ಯಾಡ ಅನ್ನಕ್ಕಿಲ್ಲ. ಬಿಸ್ಲು ಇಳೀಲಿ. ಅಲ್ಲೀಗಂಟ ಇದ್ನ ವಸಿ ಬಿಡ್ಸು" ಎಂದಳು. ಆಕೆ ಕುಳಿತಳು. ಮೊರದೊಳಕ್ಕೆ ಕಣ್ಣೀರು ತೊಟ್ಟಿಕ್ಕುತ್ತಿತ್ತು. "ಅಳು ಅಳು, ಉಪ್ಪಾಕೋದು ಉಳೀತದೆ" ಎಂದಳು ಅಜ್ಜಿ. ಅಳುತ್ತಲೇ ಅವಳಿಗೆ ನಗು ಬಂತು.

ನನ್ನನ್ನು ಅಜ್ಜಿ ಕರೆಯಲಿಲ್ಲ. ಬಿಲ್ಲೆ ಎಲ್ಲಿ ಎಂದು ಕೇಳಲೂ ಇಲ್ಲ. ನಾನೇ ತಡೆಯಲಾರದೆ ವಾಡೆಯ ಹಿಂದಿನಿಂದ ಕೂಗಿದೆ: "ಇದು ನಮ್ಮವ್ವಂದು, ಕೊಡಕ್ಕಿಲ್ಲ!"

"ನಿಮ್ಮವ್ವಂದೇ ಕಣವ್ವ. ಅಲ್ಲ ಅಂದೋರ್ಯಾರು?"

ಇಬ್ಬರೂ ಹುಣಸೆಬೀಜ ಬಿಡಿಸಿ ಹಾಕುತ್ತಿದ್ದರು. ಆಮೇಲೆ ಹೊಸಬಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ನಂಗೆ ಆ ಅಕ್ಕನ್ನ ನೆನುಸ್ಕಂಡ್ರೆ ಭಯ ಕಣಜ್ಜಿ. ಬಂದ್ ದಿನದಿಂದ ಕಣ್ಣಿಗೆ ನಿದ್ದೆ ಇಲ್ಲ."

"ನೀನು ಅವ್ಳ ಮುಖ ಕಂಡಿಲ್ವಲ್ಲ, ಅದ್ಕೇ ಭಯ. ಕಂಡೋರ್ನ ಕೇಳು" ಎಂದು ಅಜ್ಜಿ ಮತ್ತೊಂದು ಹಣ್ಣು ತೆಗೆದುಕೊಂಡಳು.

ಆಕೆ ಮೆಲ್ಲನೆ ಕೇಳಿದಳು: "ನಿಮ್ಮವ್ವ ಎಂಗಿದ್ರು, ಮಗಾ?"

ಅವ್ವ ಸತ್ತ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ಅವಳ ಮಾತು ಬಂದ ಕೂಡಲೇ ನನ್ನ ತಲೆ ಸವರಿ ಸುಮ್ಮನಾಗುತ್ತಿದ್ದರು. ನಾನು ಅಲ್ಲಿಂದಲೇ ಹೇಳಲು ಶುರುಮಾಡಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದುದು, ಉಪ್ಸಾರಿಗೆ ಕಾರ ಜಾಸ್ತಿ ಹಾಕಿ ಅಪ್ಪನ ಕೈಲಿ ಬೈಸಿಕೊಳ್ಳುತ್ತಿದ್ದುದು, ಹಲ್ಲಿ ಕಂಡರೆ ಬೀದಿಗೆ ಓಡುತ್ತಿದ್ದುದು. "ಅಯ್ಯೋ, ನಾನೂ ಓಡ್ತೀನಿ ಕಣೆ" ಎಂದಳು ಆಕೆ. ಅಷ್ಟು ಹೊತ್ತಿಗೆ ನಾನು ಮೊರದ ಹತ್ತಿರ ಬಂದು ಕುಳಿತಿದ್ದೆ.

ಬಿಸಿಲು ಇಳಿಯಿತು. ಗಂಟು ಹೊಸಲ ಬಳಿಯೇ ಇತ್ತು. ಅಜ್ಜಿ ನನ್ನಿಂದ ದಾರ ತರಿಸಿ, ಅರಿಸಿನ ಹಚ್ಚಿಸಿ, ಬಿಲ್ಲೆ ಪೋಣಿಸಲು ಹೇಳಿದಳು. "ಗಂಡ ಸತ್ತೋಳು ನಾನು, ಮುಟ್ಟಂಗಿಲ್ಲ. ನಿಮ್ಮವ್ವನ್ನ ನೀನೇ ಕಟ್ಟು. ಬಿಗಿಯಾಗ್ ಕಟ್ಬ್ಯಾಡ, ಅವ್ಳೂ ಉಸುರಾಡ್ಬೇಕು." ಮೂರು ಗಂಟು ಹಾಕಿದೆ. ಆಕೆಯ ಕುತ್ತಿಗೆ ಬೆವರಿತ್ತು. ಆಕೆ ಎದ್ದು ಹೋಗಿ ಸೀರೆಗಳನ್ನು ಪೆಟ್ಟಿಗೆಯಲ್ಲಿಟ್ಟು ಒಲೆ ಹಚ್ಚಿದಳು.

ಆದರೂ ಅವ್ವ ಎಂದು ಕರೆಯಲು ನನ್ನಿಂದಾಗಲಿಲ್ಲ. ಚಿಕ್ಕವ್ವ ಎನ್ನುತ್ತಿದ್ದೆ. ಅಪ್ಪ ಗದರಿದಾಗ ಅಜ್ಜಿ ಎದುರು ಜಗಲಿಯಿಂದಲೇ ಕೂಗಿದಳು: "ಬುಡ್ಲಾ ಅದ್ನ. ಬಂದಾಗ ಬತ್ತದೆ. ನಿಂಗೇನ್ಲಾ ಅವಸ್ರ?" ಚಿಕ್ಕವ್ವ ಒಂದು ದಿನವೂ ಹಾಗೆ ಕರೆ ಎಂದು ಕೇಳಲಿಲ್ಲ. ಕೇಳಬಾರದೆಂದು ಅಜ್ಜಿ ಅವಳಿಗೂ ಹೇಳಿದ್ದಳೆಂದು ನನಗೆ ಬಹಳ ಕಾಲದ ಮೇಲೆ ತಿಳಿಯಿತು.

ನಾಲ್ಕು ವರ್ಷದ ಮೇಲೆ ಅಜ್ಜಿಗೆ ಜ್ವರ ಬಂತು. ಚಿಕ್ಕವ್ವನೂ ನಾನೂ ಸರದಿಯ ಮೇಲೆ ಹೋಗಿ ಕೂರುತ್ತಿದ್ದೆವು. ಐದನೆಯ ದಿನ ಬೆಳಗ್ಗೆ ನಾನಿದ್ದೆ. ಅಜ್ಜಿ ಕಣ್ಣು ಬಿಟ್ಟು ನನ್ನನ್ನು ನೋಡಿ, "ಸುಮ್ನೆ ಕುಂತಿದ್ದೀಯಲ್ಲೇ, ಮನೇಲಿ ಕೆಲ್ಸ ಇಲ್ವಾ?" ಎಂದಳು. ಇಲ್ಲ ಎಂದೆ. ಸ್ವಲ್ಪ ನಕ್ಕ ಹಾಗೆ ಕಂಡಿತು. ಆಮೇಲೆ ಅವಳ ಉಸಿರು ಕೇಳಲಿಲ್ಲ.

ನಾನು ಬೀದಿ ದಾಟಿ ಓಡಿದೆ. ಚಿಕ್ಕವ್ವ ಸಗಣಿ ಬಾಚುತ್ತಿದ್ದಳು. ನಾನು ಏನು ಕೂಗಿಕೊಂಡು ಬಂದೆನೋ ನನಗೆ ಪರಿವೆಯಿರಲಿಲ್ಲ. ಅವಳು ಬುಟ್ಟಿ ಕೆಳಗಿಟ್ಟು, ಏನಾಯಿತೆಂದೂ ಕೇಳದೆ, ಬಾಯಿ ತೆರೆದು ನನ್ನನ್ನೇ ನೋಡುತ್ತ ನಿಂತಳು. ಆ ಮುಖ ಕಂಡ ಮೇಲೆಯೇ ನನಗೆ ಗೊತ್ತಾದದ್ದು, ನಾನು "ಅವ್ವಾ" ಎಂದು ಕೂಗಿದ್ದೆ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದೆ. ಬಂದಾಗ ಬತ್ತದೆ ಎಂದಿದ್ದವಳೊಬ್ಬಳು ಮಾತ್ರ ಕೇಳದೆ ಹೋಗಿದ್ದಳು.